ಮರುಭೂಮಿಯ ಮರಳಿಗೆ ಆಲ್-ಟೆರೇನ್ ಟೈರು

ಡಾಂಬರು, ಜಲ್ಲಿ, ಕಲ್ಲುನೆಲ, ಮರಳು, ತೆಳುಗೆಸರು ಎಲ್ಲದರ ಮೇಲೂ ಒಂದು ಮಟ್ಟಿಗೆ ಓಡುವಂತೆ ತಯಾರಿಸಿದ ಟೈರಿಗೆ ಆಲ್-ಟೆರೇನ್ ಟೈರು, ಸಂಕ್ಷೇಪವಾಗಿ ಎ/ಟಿ ಟೈರು, ಎಂದು ಹೆಸರು. ಫೋರ್-ವೀಲ್-ಡ್ರೈವ್ ಗಾಡಿಗಳಲ್ಲಿ ಮರುಭೂಮಿಗೆ ಹೋಗುವವರಲ್ಲಿ ಹೆಚ್ಚಿನವರು ಇದನ್ನೇ ಹಾಕಿಸುತ್ತಾರೆ. ಹಾಗೆಂದು ಇದು ಮರಳಿಗಾಗಿ ಹುಟ್ಟಿದ ಟೈರಲ್ಲ. ಬರಿಯ ಮರಳಿನಲ್ಲಿ ಇದಕ್ಕಿಂತ ಚೆನ್ನಾಗಿ ಓಡುವ ಟೈರುಗಳಿವೆ. ಆದರೆ ಮರಳಿನವರೆಗೆ ಹೋಗುವ ದಾರಿ ಡಾಂಬರಿನದು, ನಡುವೆ ಸಿಗುವುದು ಚೂಪುಗಲ್ಲಿನ ಬಯಲು, ಸಂಜೆ ಮನೆಗೆ ಮರಳಬೇಕಾದದ್ದೂ ಅದೇ ಗಾಡಿಯಲ್ಲಿ. ಎ/ಟಿ ಟೈರಿನ ಆಯ್ಕೆ ಈ ಮೂರರ ನಡುವಿನ ಹೊಂದಾಣಿಕೆ. ಕೊಳ್ಳುವವರು ಸಾಮಾನ್ಯವಾಗಿ ಮೊದಲು ನೋಡುವುದು ಟೈರಿನ ಮೈಮೇಲಿನ ಬಟನ್‌ಗಳನ್ನು. ಮರಳಿನ ಮಟ್ಟಿಗೆ ಅದು ಕೊನೆಗೆ ನೋಡಬೇಕಾದ ವಿಷಯ. ಟೈರಿನ ಎತ್ತರ, ಸೈಡ್‌ವಾಲ್ ಎಷ್ಟು ಬಾಗುತ್ತದೆ, ಎಷ್ಟು ಗಾಳಿ ಇಳಿಸಿದರೂ ರಿಮ್ಮಿಗೆ ಕಚ್ಚಿಕೊಂಡಿರುತ್ತದೆ, ಮರಳಿನಿಂದ ಹೊರಬಂದ ಮೇಲೆ ಹೆದ್ದಾರಿಯ ಬಿಸಿಯನ್ನು ಎಷ್ಟು ತಾಳುತ್ತದೆ ಎಂಬುವೇ ಇಲ್ಲಿ ನಿರ್ಣಾಯಕ.

ಮರಳಿನ ಸ್ವಭಾವ

ಒಣ ಮರಳಿನ ಕಣಗಳಿಗೆ ಪರಸ್ಪರ ಅಂಟು ಇಲ್ಲ. ಒಂದರ ಮೇಲೊಂದು ಒರಗಿ, ಘರ್ಷಣೆಯ ಬಲದಿಂದಷ್ಟೇ ನಿಂತಿರುತ್ತವೆ. ಗಾಡಿಯ ಭಾರ ಸಣ್ಣ ಜಾಗದ ಮೇಲೆ ಬಿದ್ದರೆ ಕಣಗಳು ಪಕ್ಕಕ್ಕೆ ಸರಿದು ಚಕ್ರ ಕೆಳಗಿಳಿಯುತ್ತದೆ. ಇಳಿದ ಚಕ್ರದ ಮುಂದೆ ಮರಳು ದಿಣ್ಣೆಯಾಗಿ ಕೂಡುತ್ತದೆ. ಆ ದಿಣ್ಣೆಯನ್ನು ತಳ್ಳಿಕೊಂಡೋ ಹತ್ತಿಕೊಂಡೋ ಹೋಗಲು ಎಂಜಿನ್ ತನ್ನ ಶಕ್ತಿಯ ಬಹುಪಾಲನ್ನು ಸುರಿಯಬೇಕು. ಶಕ್ತಿ ಹೆಚ್ಚಿಸಿದರೆ ಚಕ್ರ ನಿಂತಲ್ಲೇ ತಿರುಗಿ ತನ್ನ ಕೆಳಗಿನ ಮರಳನ್ನು ಹಿಂದಕ್ಕೆ ಎಸೆಯುತ್ತದೆ, ಗುಂಡಿ ಆಳವಾಗುತ್ತದೆ, ಗಾಡಿ ಹೊಟ್ಟೆಯ ಮೇಲೆ ಕೂರುತ್ತದೆ. ಮರಳಿನಲ್ಲಿ ಹೂತುಹೋದ ಗಾಡಿಗಳ ಕಥೆಯೆಲ್ಲ ಹೆಚ್ಚುಕಡಿಮೆ ಇಷ್ಟೇ.

ಎಲ್ಲ ಮರಳೂ ಒಂದೇ ತರಹದ್ದಲ್ಲ. ದಿಬ್ಬಕ್ಕೆ ಗಾಳಿ ಬೀಸಿ ಬರುವ ಕಡೆಯ ಇಳುಕಲು ಓರೆ ಕಡಿಮೆಯಿದ್ದು, ಕಣಗಳು ಬಡಿದು ಬಡಿದು ಒತ್ತಾಗಿ ಕೂತಿರುವುದರಿಂದ ಸಾಕಷ್ಟು ಗಟ್ಟಿ. ದಿಬ್ಬದ ಹಿಂಬದಿ ಹಾಗಲ್ಲ. ನೆತ್ತಿ ದಾಟಿ ಉದುರಿದ ಮರಳು ಅಲ್ಲಿ ಸಡಿಲವಾಗಿ ರಾಶಿಬಿದ್ದು ಸುಮಾರು 32ರಿಂದ 34 ಡಿಗ್ರಿ ಓರೆಯಲ್ಲಿ ನಿಲ್ಲುತ್ತದೆ, ಅದಕ್ಕಿಂತ ಕಡಿದಾದರೆ ಜಾರಿಬಿಡುತ್ತದೆ. ಅಬುಧಾಬಿಯ ಲಿವಾ ಓಯಸಿಸ್ಸಿನ ಬಳಿ ಸುಮಾರು 300 ಮೀಟರ್ ಎತ್ತರವೆಂದು ಹೆಸರಾದ ತಲ್ ಮೊರೀಬ್ ದಿಬ್ಬದ ಓರೆ 50 ಡಿಗ್ರಿ ಎಂದು ಪ್ರವಾಸಿ ಕರಪತ್ರಗಳು ಬರೆಯುತ್ತವೆ. ಒಣ ಮರಳಿನ ರಾಶಿ ಅಷ್ಟು ಕಡಿದಾಗಿ ನಿಲ್ಲಲಾರದು. ಆದರೂ 30 ಡಿಗ್ರಿ ದಾಟಿದ ಸಡಿಲ ಏರು ಯಾವ ಗಾಡಿಗೂ ಕಠಿಣ ಪರೀಕ್ಷೆಯೇ. ಹೊತ್ತಿನ ಪ್ರಭಾವವೂ ಇದೆ: ರಾತ್ರಿಯ ಇಬ್ಬನಿ ಹೀರಿದ ಮರಳು ಬೆಳಿಗ್ಗೆ ಗಟ್ಟಿಯಾಗಿದ್ದು, ಬಿಸಿಲೇರಿದಂತೆ ಒಣಗಿ ಸಡಿಲಗೊಳ್ಳುತ್ತದೆ. ಮುಂಜಾನೆ ಸಲೀಸಾಗಿ ಹತ್ತಿದ ದಿಬ್ಬವೇ ಮಧ್ಯಾಹ್ನ ಹತ್ತಗೊಡದಿರುವುದಕ್ಕೆ ಕಾರಣ ಇದು.

ಗಾಳಿ ಇಳಿಸುವುದರ ಲೆಕ್ಕ

ಟೈರು ನೆಲಕ್ಕೆ ತಾಗುವ ಜಾಗದ ವಿಸ್ತೀರ್ಣವನ್ನು ಸ್ಥೂಲವಾಗಿ ನಿರ್ಧರಿಸುವುದು ಅದರ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ಒಂದು ಚಕ್ರದ ಮೇಲೆ 600 ಕಿಲೋ ಭಾರವಿದೆ ಎಂದುಕೊಳ್ಳೋಣ. 35 ಪಿಎಸ್‌ಐ ಒತ್ತಡವೆಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2.46 ಕಿಲೋ. ಆ ಒತ್ತಡದಲ್ಲಿ ತಾಗುವ ಜಾಗ 244 ಚದರ ಸೆಂ.ಮೀ. ಆಸುಪಾಸಿನಲ್ಲಿರುತ್ತದೆ. 15 ಪಿಎಸ್‌ಐಗೆ ಇಳಿಸಿದರೆ ಅದು 570 ಚದರ ಸೆಂ.ಮೀ. ಮುಟ್ಟುತ್ತದೆ. ಸೈಡ್‌ವಾಲಿನ ಬಿಗಿತವೂ ಸ್ವಲ್ಪ ಭಾರ ಹೊರುವುದರಿಂದ ನಿಜವಾದ ಅಂಕಿ ಇದಕ್ಕಿಂತ ಕೊಂಚ ಕಡಿಮೆ. ಆದರೂ ಎರಡು ಪಟ್ಟು ಹಿಗ್ಗುವುದಂತೂ ಹೌದು. ಈ ಹಿಗ್ಗು ಅಗಲದಲ್ಲಿ ಆಗುವುದು ಸ್ವಲ್ಪ, ಉದ್ದದಲ್ಲಿ ಆಗುವುದು ಬಹಳ. ಗಾಳಿ ಇಳಿಸಿದ ಟೈರು ಟ್ರ್ಯಾಕ್ಟರಿನ ಚೈನುಪಟ್ಟಿಯಂತೆ ಉದ್ದಕ್ಕೆ ಮಲಗುತ್ತದೆ. ಉದ್ದ ಹೆಚ್ಚಾದರೆ ಮುಂದೆ ಕೂಡುವ ಮರಳಿನ ದಿಣ್ಣೆ ದೊಡ್ಡದಾಗುವುದಿಲ್ಲ, ಆದರೆ ತಳ್ಳಲು ಸಿಗುವ ನೆಲ ಹೆಚ್ಚುತ್ತದೆ. ಬರಿಯ ಅಗಲ ಹೆಚ್ಚಿಸಿದರೆ ಎದುರಿನ ದಿಣ್ಣೆಯೂ ಅಗಲವಾಗುತ್ತದೆ. ಮರಳಿಗೆ ಅಗಲವಾದ ಟೈರೇ ಬೇಕು ಎಂಬ ನಂಬಿಕೆ ಆದ್ದರಿಂದ ಅರ್ಧ ಮಾತ್ರ ಸರಿ. ಅಗಲಕ್ಕಿಂತ ಎತ್ತರವೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ರೂಢಿಯಲ್ಲಿರುವ ಅಂಕಿಗಳು ಹೀಗೆ: ರಸ್ತೆಯಲ್ಲಿ 32ರಿಂದ 36 ಪಿಎಸ್‌ಐ, ಸಾಮಾನ್ಯ ಮರಳಿಗೆ 15ರಿಂದ 18, ಬಹಳ ಮೆತ್ತಗಿನ ಮರಳಿಗೆ 12ರವರೆಗೆ. ಹೂತ ಗಾಡಿಯನ್ನು ಎತ್ತಲು ಸ್ವಲ್ಪ ಹೊತ್ತಿಗೆ 10 ಅಥವಾ 8ಕ್ಕೂ ಇಳಿಸುವುದುಂಟು. ಹಗುರವಾದ ಗಾಡಿ ಇನ್ನೂ ಕೆಳಗಿಳಿಯಬಹುದು, ಸಾಮಾನು ಹೇರಿದ ಭಾರದ ಗಾಡಿಗೆ ಸ್ವಲ್ಪ ಹೆಚ್ಚೇ ಇರಬೇಕು. 12ರಿಂದ ಕೆಳಗೆ ಹೋದಾಗ ಒಂದು ಅಪಾಯ ಕಾದಿರುತ್ತದೆ. ಟೈರಿನ ಅಂಚು, ಅಂದರೆ ಬೀಡ್, ರಿಮ್ಮಿಗೆ ಕಚ್ಚಿಕೊಂಡಿರುವುದು ಗಾಳಿಯ ಒತ್ತಡದಿಂದ. ಆ ಒತ್ತಡ ತಗ್ಗಿದ ಹೊತ್ತಿನಲ್ಲಿ ಸ್ಟಿಯರಿಂಗನ್ನು ರಭಸವಾಗಿ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಬೀಡನ್ನು ಹೊರಗಿನಿಂದ ಬೋಲ್ಟು ಹಾಕಿ ಬಿಗಿಯುವ ಬೀಡ್‌ಲಾಕ್ ರಿಮ್ಮುಗಳು ಇದಕ್ಕೆ ಪರಿಹಾರ. ಆದರೆ ಅನೇಕ ದೇಶಗಳು ಸಾರ್ವಜನಿಕ ರಸ್ತೆಯಲ್ಲಿ ಅವನ್ನು ಒಪ್ಪುವುದಿಲ್ಲ, ವಾರಾಂತ್ಯಕ್ಕೊಮ್ಮೆ ಮರಳಿಗೆ ಹೋಗುವವರಿಗೆ ಅವುಗಳ ಅಗತ್ಯವೂ ಇಲ್ಲ.

ಹಿನ್ನೆಲೆ

ಮರುಭೂಮಿಯಲ್ಲಿ ಮೋಟಾರು ಗಾಡಿ ಓಡಿಸುವ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಒಂದು ಟೈರನ್ನೇ ನಂಬಲಿಲ್ಲ. 1922ರ ಡಿಸೆಂಬರಿನಲ್ಲಿ ಆಲ್ಜೀರಿಯಾದ ತುಗ್ಗುರ್ತಿನಿಂದ ಹೊರಟು 1923ರ ಜನವರಿಯಲ್ಲಿ ಟಿಂಬಕ್ಟು ತಲುಪಿದ ಸಿಟ್ರಾಯೆನ್ ತಂಡದ ಗಾಡಿಗಳ ಹಿಂಭಾಗದಲ್ಲಿ ಚಕ್ರದ ಬದಲು ಕೆಗ್ರೆಸ್ ಮಾದರಿಯ ರಬ್ಬರ್ ಪಟ್ಟಿಗಳಿದ್ದವು. ಸಾಧಾರಣ ಚಕ್ರದ ಕಾರಿನಲ್ಲೇ ಮರಳು ದಾಟಬಹುದೆಂದು ತೋರಿಸಿದವರಲ್ಲಿ ಮುಖ್ಯನಾದವನು ಬ್ರಿಟಿಷ್ ಸೇನೆಯ ಎಂಜಿನಿಯರ್ ರಾಲ್ಫ್ ಬ್ಯಾಗ್ನೋಲ್ಡ್ (1896–1990). ಕೈರೋದಲ್ಲಿದ್ದಾಗ ಗೆಳೆಯರೊಡನೆ ಫೋರ್ಡ್ ಕಾರುಗಳಲ್ಲಿ ಲಿಬಿಯಾ ಮರುಭೂಮಿಗೆ ನುಗ್ಗಿದ ಈತ 1920ರ ದಶಕದ ಕೊನೆಯಿಂದ 1930ರ ದಶಕದ ಉದ್ದಕ್ಕೂ ಅದೊಂದನ್ನೇ ಪಟ್ಟಾಗಿ ಅಭ್ಯಾಸಮಾಡಿದ. ಟೈರಿನ ಗಾಳಿ ಇಳಿಸುವುದು, ಹೂತ ಚಕ್ರದಡಿ ಉಕ್ಕಿನ ಪಟ್ಟಿ ಹಾಕುವುದು, ರೇಡಿಯೇಟರಿನ ಆವಿಯನ್ನು ಹಿಡಿದು ಮತ್ತೆ ನೀರಾಗಿಸುವುದು, ಸೂರ್ಯನ ನೆರಳಿನಿಂದ ದಿಕ್ಕು ಹಿಡಿಯುವುದು ಎಲ್ಲವೂ ಈ ಪ್ರವಾಸಗಳಲ್ಲಿ ಪಳಗಿದ ಕ್ರಮಗಳು. 1940ರಲ್ಲಿ ಈಜಿಪ್ಟಿನಲ್ಲಿ ಬ್ಯಾಗ್ನೋಲ್ಡ್ ಕಟ್ಟಿದ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಎಂಬ ಪಡೆ ಷೆವ್ರೊಲೆ ಮತ್ತು ಫೋರ್ಡ್ ಲಾರಿಗಳಿಗೆ ದೊಡ್ಡ ಮರಳು ಟೈರು ಹಾಕಿ, ದಾಟಲಾಗದು ಎಂದುಕೊಂಡಿದ್ದ ಮರಳಿನ ಕಡಲನ್ನು ದಾಟಿ ಶತ್ರುವಿನ ಬೆನ್ನಿಗೆ ಬಂದಿತು. ಮರಳು ಹೇಗೆ ಹಾರುತ್ತದೆ, ದಿಬ್ಬ ಹೇಗೆ ಕಟ್ಟುತ್ತದೆ ಎಂಬುದನ್ನು ಗಾಳಿಸುರಂಗದಲ್ಲಿ ಪ್ರಯೋಗಮಾಡಿ ಆತ ಬರೆದ ಗ್ರಂಥ 1941ರಲ್ಲಿ ಹೊರಬಂತು. ಇಂದಿಗೂ ಆ ಶಾಸ್ತ್ರದ ಅಡಿಗಲ್ಲು ಅದೇ. ದಿಬ್ಬದ ಯಾವ ಮೈ ಗಟ್ಟಿ, ಯಾವುದು ಸಡಿಲ ಎಂದು ಇವತ್ತಿನ ಚಾಲಕ ಕಣ್ಣಿನಲ್ಲೇ ಅಳೆಯುವುದಕ್ಕೆ ಕಾರಣವನ್ನು ಅಲ್ಲಿ ಕಾಣಬಹುದು.

ಚಾಲಕನ ಜಾಗದಿಂದಲೇ ಟೈರಿನ ಗಾಳಿ ಏರಿಸಿ ಇಳಿಸುವ ಏರ್ಪಾಡು ಮೊದಲು ಬಂದದ್ದು ಮರುಭೂಮಿಗಾಗಿ ಅಲ್ಲ, ಕಡಲತೀರಕ್ಕಾಗಿ. ಎರಡನೆಯ ಮಹಾಯುದ್ಧದ ಅಮೆರಿಕದ ಡಿಯುಕೆಡಬ್ಲ್ಯು ಎಂಬ ನೀರು-ನೆಲದ ಲಾರಿ ಅಲೆಯಿಂದೆದ್ದು ಮೆತ್ತಗಿನ ದಂಡೆಯ ಮರಳು ಹತ್ತಬೇಕಿತ್ತು. 1942ರಿಂದ ತಯಾರಾದ ಈ ಗಾಡಿಯಲ್ಲಿ ಅಂಥ ವ್ಯವಸ್ಥೆ ಇತ್ತು. ಯುದ್ಧಾನಂತರ ಬಂದ ರೇಡಿಯಲ್ ಟೈರು ಮರಳಿನ ಮಟ್ಟಿಗೆ ಇನ್ನೂ ದೊಡ್ಡ ತಿರುವು. ಮಿಷೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ಈ ಕಟ್ಟಣೆಯಲ್ಲಿ ಸೈಡ್‌ವಾಲಿನ ಎಳೆಗಳು ಅಡ್ಡವಾಗಿ ಸಾಗುತ್ತವೆ, ಮೈಭಾಗಕ್ಕೆ ಮಾತ್ರ ಉಕ್ಕಿನ ಪಟ್ಟಿ ಬಿಗಿದಿರುತ್ತದೆ. ಹಾಗಾಗಿ ಪಕ್ಕಗಳು ಮೆತ್ತಗೆ ಬಾಗಿದರೂ ನೆಲಕ್ಕೆ ತಾಗುವ ಮೈ ಚಪ್ಪಟೆಯಾಗಿಯೇ ಉಳಿಯುತ್ತದೆ. ಮರಳಿಗೆ ಬೇಕಾದದ್ದು ಸರಿಯಾಗಿ ಇದೇ. ಇದೇ ಕಂಪನಿಯ ಎಕ್ಸ್‌ಎಸ್ ಎಂಬ ಮರಳು ಟೈರಿನ ಮೇಲೆ ಆಳವಾದ ಬಟನ್ ಎಂಬುದೇ ಇರಲಿಲ್ಲ. ಸಹಾರಾದಲ್ಲೂ ಅರಬ್ ದೇಶಗಳಲ್ಲೂ ಲ್ಯಾಂಡ್ ಕ್ರೂಸರ್, ಲ್ಯಾಂಡ್ ರೋವರ್ ಇಟ್ಟುಕೊಂಡವರು ಅದನ್ನು ಬಹುಕಾಲ ನೆಚ್ಚಿಕೊಂಡಿದ್ದರು. ಇವತ್ತಿನ ಅರ್ಥದ ಎ/ಟಿ ಟೈರು ಮಾರುಕಟ್ಟೆಯಲ್ಲಿ ನೆಲೆಯೂರಿದ್ದು ಬಿಎಫ್‌ಗುಡ್‌ರಿಚ್ ಕಂಪನಿ 1976ರಲ್ಲಿ ಬಿಟ್ಟ ಆಲ್-ಟೆರೇನ್ ಟಿ/ಎ ರೇಡಿಯಲ್‌ನಿಂದ. ಅದರ ಮುಂದಿನ ತಲೆಮಾರುಗಳು, ಜೊತೆಗೆ ಟೊಯೊ ಓಪನ್ ಕಂಟ್ರಿ, ಯೊಕೊಹಾಮಾ ಜಿಯೊಲ್ಯಾಂಡರ್, ಬ್ರಿಜ್‌ಸ್ಟೋನ್ ಡ್ಯುಲರ್, ಫಾಲ್ಕನ್ ವೈಲ್ಡ್‌ಪೀಕ್, ಜನರಲ್ ಗ್ರ್ಯಾಬರ್ ಮೊದಲಾದ ಹೆಸರುಗಳು ಗಲ್ಫಿನ ಯಾವ ಟೈರಂಗಡಿಯಲ್ಲೂ ಕೇಳಿಬರುತ್ತವೆ.

ಮರಳಿನ ಓಟದ ಸ್ಪರ್ಧೆಗಳೂ ಟೈರನ್ನು ತಿದ್ದಿವೆ. ತಿಯೆರಿ ಸಬೀನ್ 1978ರ ಡಿಸೆಂಬರ್ 26ರಂದು ಪ್ಯಾರಿಸ್ಸಿನಿಂದ ಆರಂಭಿಸಿದ ಡಕಾರ್ ರ್‍ಯಾಲಿ 2009ರಲ್ಲಿ ದಕ್ಷಿಣ ಅಮೆರಿಕಕ್ಕೂ 2020ರಲ್ಲಿ ಸೌದಿ ಅರೇಬಿಯಾಕ್ಕೂ ಸ್ಥಳಾಂತರಗೊಂಡಿತು. ಎರಡು ಚಕ್ರಕ್ಕೆ ಮಾತ್ರ ಶಕ್ತಿ ಸಿಗುವ ಬಗ್ಗಿಗಳಿಗೆ ದೊಡ್ಡ ಟೈರನ್ನೂ ಓಡುತ್ತಲೇ ಗಾಳಿ ಹೊಂದಿಸುವ ಏರ್ಪಾಡನ್ನೂ ಅದರ ನಿಯಮ ಬಿಟ್ಟುಕೊಟ್ಟಿತ್ತು. ಪ್ಯೂಜೋ ತಂಡ 2016ರಿಂದ 2018ರವರೆಗೆ ಸತತವಾಗಿ ಗೆದ್ದದ್ದು ಅಂಥ ಗಾಡಿಗಳಲ್ಲಿ. 2022ರಿಂದ ಫೋರ್-ವೀಲ್-ಡ್ರೈವ್ ಗಾಡಿಗಳಿಗೂ 37 ಇಂಚಿನ ಟೈರು ಬಂತು. ಎರಡೇ ಚಕ್ರದಿಂದ ಗೆದ್ದ ಆ ವರ್ಷಗಳು ಮರಳಿನಲ್ಲಿ ಟೈರಿನ ಎತ್ತರಕ್ಕೂ ಗಾಳಿಯ ಹಿಡಿತಕ್ಕೂ ಇರುವ ಬೆಲೆಯನ್ನು ಯಾವ ಪ್ರಯೋಗಶಾಲೆಗಿಂತಲೂ ಸ್ಪಷ್ಟವಾಗಿ ತೋರಿಸಿವೆ. ಬೈಕುಗಳ ದಾರಿ ಬೇರೆ. 2015ರಲ್ಲಿ ಡಕಾರ್ ಪೂರೈಸಿದ ಮೊದಲ ಭಾರತೀಯರಾದ ಬೆಂಗಳೂರಿನ ಸಿ. ಎಸ್. ಸಂತೋಷ್ ಅವರಂಥ ಸವಾರರು ಓಡಿಸುವ ರ್‍ಯಾಲಿ ಬೈಕುಗಳಲ್ಲಿ ಗಾಳಿಯ ಬದಲು ಮೂಸ್ ಎಂಬ ನೊರೆರಬ್ಬರಿನ ಬಳೆ ತುಂಬಿರುತ್ತದೆ. ಪಂಕ್ಚರ್ ಎಂಬುದೇ ಇಲ್ಲ, ಆದರೆ ಗಾಳಿ ಇಳಿಸುವ ಅನುಕೂಲವೂ ಇಲ್ಲ.

ಬಟನ್‌ಗಳ ವಿಚಾರ

ಹೆದ್ದಾರಿಗೆಂದೇ ಮಾಡಿದ ಎಚ್/ಟಿ ಟೈರಿನ ಮೈ ನಯವಾಗಿ ಮುಚ್ಚಿಕೊಂಡಿರುತ್ತದೆ. ಕೆಸರಿಗೆಂದು ಮಾಡಿದ ಎಂ/ಟಿ ಟೈರಿನಲ್ಲಿ ದಪ್ಪ ದಪ್ಪ ಬಟನ್‌ಗಳು, ನಡುವೆ ಅಗಲವಾದ ತೋಡುಗಳು. ಎ/ಟಿ ಇವೆರಡರ ನಡುವಿನದು. ಕೆಸರಿನಲ್ಲಿ ದಪ್ಪ ಬಟನ್ ಕೆಳಗಿನ ಗಟ್ಟಿನೆಲವನ್ನು ಹುಡುಕಿ ಕಚ್ಚುತ್ತದೆ. ಮರಳಿನಲ್ಲಿ ಕೆಳಗೆ ಗಟ್ಟಿನೆಲವೇ ಇಲ್ಲ, ಕಚ್ಚಿದಷ್ಟೂ ಅಗೆತ. ನೋಡಲು ಗಡಸಾಗಿ ಕಾಣುವ ಎಂ/ಟಿ ಟೈರು ದಿಬ್ಬದ ಮೇಲೆ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುವುದು ಇದರಿಂದ. ಅದೇ ದಿಬ್ಬವನ್ನು ಅರ್ಧ ಸವೆದ ಎಚ್/ಟಿ ಟೈರಿನ ಗಾಡಿ, ಸರಿಯಾಗಿ ಗಾಳಿ ಇಳಿಸಿದ್ದರೆ, ಹತ್ತಿ ಹೋಗುತ್ತದೆ. ಇದು ಮರಳಿನ ಚಾಲಕರಿಗೆಲ್ಲ ಗೊತ್ತಿರುವ ಸಂಗತಿ. ಹೀಗಾಗಿ ಎ/ಟಿ ಟೈರುಗಳಲ್ಲೂ ಮರಳಿಗೆ ಒಗ್ಗುವುದು ಬಟನ್‌ಗಳು ಒತ್ತೊತ್ತಾಗಿದ್ದು ಅಂಚು ಗುಂಡಗಿರುವ, ಸಾಧು ಮೈಯ ಮಾದರಿ. ಅಂಗಡಿಯಲ್ಲಿ ಹೆಚ್ಚು ಮಾರುವುದು ಮಾತ್ರ ಭುಜದ ಮೇಲೆ ಚೂಪು ಬಟನ್‌ ಎದ್ದಿರುವ, ಎ/ಟಿಗೂ ಎಂ/ಟಿಗೂ ನಡುವಿನ ಮಿಶ್ರ ತಳಿ. ಒಮಾನಿನ ಕಲ್ಲುಕಣಿವೆಗಳಲ್ಲಿ ಅದಕ್ಕೆ ಸ್ಥಾನವಿದೆ, ಲಿವಾದ ಮರಳಿನಲ್ಲಿ ಅದು ಬರಿಯ ಅಲಂಕಾರ. ಕೆಲವು ಎ/ಟಿ ಟೈರುಗಳ ಮೇಲೆ ಮೂರು ಶಿಖರದ ನಡುವೆ ಹಿಮದ ಹರಳಿನ ಗುರುತು ಅಚ್ಚಾಗಿರುತ್ತದೆ. ಅದು ಹಿಮದಲ್ಲಿನ ಹಿಡಿತಕ್ಕೆ ಸಂಬಂಧಿಸಿದ ಗುರುತು, ಮರುಭೂಮಿಗೆ ಹೋಗುವವರು ಅದಕ್ಕಾಗಿ ಹೆಚ್ಚು ಬೆಲೆ ತೆರಬೇಕಿಲ್ಲ.

ಮರಳಿನಲ್ಲಿ ಬಟನ್ ನಿಜಕ್ಕೂ ಕೆಲಸಮಾಡುವ ಒಂದು ರೂಪವಿದೆ: ಹುಟ್ಟಿನ ಹಲಗೆಗಳಂತೆ ಅಡ್ಡಲಾಗಿ ರೆಕ್ಕೆ ಎದ್ದಿರುವ ಪ್ಯಾಡಲ್ ಟೈರು. ಕ್ಯಾಲಿಫೋರ್ನಿಯಾದ ದಿಬ್ಬಗಳಲ್ಲಿ ಬಗ್ಗಿಗಳೂ ತಲ್ ಮೊರೀಬ್ ಏರುವ ಸ್ಪರ್ಧೆಯ ಗಾಡಿಗಳೂ ಅದನ್ನು ಹಾಕಿಕೊಳ್ಳುತ್ತವೆ. ಭಾರಿ ಶಕ್ತಿಯ ಎಂಜಿನ್ ಇದ್ದು ಮರಳನ್ನು ಹಿಂದಕ್ಕೆ ಎರಚುತ್ತಲೇ ಮುನ್ನುಗ್ಗುವ ಗಾಡಿಗೆ ಅದು. ಡಾಂಬರಿನ ಮೇಲೆ ಓಡಿಸುವಂತಿಲ್ಲ.

ಅಳತೆ, ಸೈಡ್‌ವಾಲ್, ಭಾರ

ಟೈರಿನ ಮೇಲಿನ 265/65ಆರ್17 ಎಂಬ ಬರಹದಲ್ಲಿ ಮೊದಲನೆಯದು ಅಗಲ ಮಿಲಿಮೀಟರಿನಲ್ಲಿ, ಎರಡನೆಯದು ಸೈಡ್‌ವಾಲಿನ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು, ಆರ್ ಎಂದರೆ ರೇಡಿಯಲ್, ಕೊನೆಯದು ರಿಮ್ಮಿನ ವ್ಯಾಸ ಇಂಚಿನಲ್ಲಿ. ಮರಳಿಗೆ ಹೋಗುವವರು ಈ ಸಾಲಿನಿಂದ ಲೆಕ್ಕಹಾಕಿ ತೆಗೆಯಬೇಕಾದದ್ದು ಸೈಡ್‌ವಾಲಿನ ಎತ್ತರ. ಲ್ಯಾಂಡ್ ಕ್ರೂಸರ್ 300 ಗಾಡಿ ದರ್ಜೆಗೆ ತಕ್ಕಂತೆ 265/65ಆರ್18 ಅಥವಾ 265/55ಆರ್20 ಟೈರಿನಲ್ಲಿ ಬರುತ್ತದೆ. ಎರಡರ ಹೊರವ್ಯಾಸವೂ ಸುಮಾರು 80 ಸೆಂ.ಮೀ. ಆದರೆ ಮೊದಲನೆಯದರ ಸೈಡ್‌ವಾಲ್ 172 ಮಿ.ಮೀ., ಎರಡನೆಯದರದು 146. ಗಾಳಿ ಇಳಿಸಿದಾಗ ಬಾಗಲು ಸಿಗುವ ರಬ್ಬರೇ ಅಷ್ಟು ಕಡಿಮೆ. ದುಬಾರಿ ದರ್ಜೆಯ ದೊಡ್ಡ ರಿಮ್ಮು ಮರಳಿನಲ್ಲಿ ಹಿಂದೆ ಬೀಳುವುದು ಹೀಗೆ. ನಮ್ಮ ದೇಶದ ಮಹೀಂದ್ರಾ ಥಾರ್‌ನಲ್ಲೂ ಇದೇ ಕಥೆ ಇದೆ: 2020ರ ಮಾದರಿ 255/65ಆರ್18 ಟೈರಿನಲ್ಲೂ 245/75ಆರ್16 ಟೈರಿನಲ್ಲೂ ಬಂತು. ಕೆಳದರ್ಜೆಗೆ ಸಿಕ್ಕ 16 ಇಂಚಿನದರ ಸೈಡ್‌ವಾಲ್ 184 ಮಿ.ಮೀ. ಎತ್ತರ, ಮೇಲ್ದರ್ಜೆಯದು 166. ಜೈಸಲ್ಮೇರಿನ ಮರಳಿಗೆ ಹೋಗುವವರು ಕಡಿಮೆ ಬೆಲೆಯದನ್ನು ಆರಿಸಿದರೆ ಟೈರಿನ ಮಟ್ಟಿಗೆ ಲಾಭವೇ.

ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ಟೈರು ಹಾಕಿಸುವುದು ಸಾಮಾನ್ಯ ಚಾಳಿ. 265/65ಆರ್17ರ ಬದಲು 285/70ಆರ್17 ಹಾಕಿದರೆ ವ್ಯಾಸ 776 ಮಿ.ಮೀ.ನಿಂದ 831ಕ್ಕೆ ಏರುತ್ತದೆ. ಗಾಡಿ ಎರಡೂಮುಕ್ಕಾಲು ಸೆಂ.ಮೀ. ಮೇಲೇಳುತ್ತದೆ, ನೆಲಕ್ಕೆ ತಾಗುವ ಉದ್ದ ಹೆಚ್ಚುತ್ತದೆ, ಮರಳಿನಲ್ಲಿ ಎರಡೂ ಒಳ್ಳೆಯದೇ. ಆದರೆ ಸ್ಪೀಡೋಮೀಟರ್ 100 ತೋರಿಸುವಾಗ ನಿಜವಾದ ವೇಗ ಅದಕ್ಕಿಂತ ಶೇ. 7ರಷ್ಟು ಹೆಚ್ಚಿರುತ್ತದೆ, ಗೇರುಗಳು ಉದ್ದವಾದಂತಾಗಿ ಏರಿನಲ್ಲಿ ಎಂಜಿನ್ ಸೊರಗುತ್ತದೆ, ಬ್ರೇಕಿನ ಮೇಲೆ ಭಾರ ಬೀಳುತ್ತದೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜುವುದೂ ಉಂಟು. ಒಂದು ಅಳತೆ ಮೇಲೆ ಹೋಗಿ ನಿಲ್ಲುವುದು ಹೆಚ್ಚಿನ ಗಾಡಿಗಳಿಗೆ ಕ್ಷೇಮ. ಸ್ಟೆಪ್ನಿಯೂ ಅದೇ ಅಳತೆಯದಾಗಿರಬೇಕು. ಫೋರ್-ವೀಲ್-ಡ್ರೈವ್ ಗಾಡಿಯಲ್ಲಿ ಒಂದು ಚಕ್ರದ ವ್ಯಾಸ ಬೇರೆಯಾದರೆ ಡಿಫರೆನ್ಷಿಯಲ್ ಹಾಳಾಗುತ್ತದೆ.

ಎಲ್‌ಟಿ ಎಂಬ ಅಕ್ಷರಗಳಿಂದ ಶುರುವಾಗುವ ಟೈರುಗಳು ಲಘು ಲಾರಿಗಳಿಗಾಗಿ ಮಾಡಿದವು. ಅವುಗಳ ಭಾರದ ದರ್ಜೆ ಸಿ, ಡಿ, ಇ ಎಂದು ಏರುತ್ತದೆ. ಇ ದರ್ಜೆಯದನ್ನು ಅಂಗಡಿಯವರು 10 ಪ್ಲೈ ಎನ್ನುತ್ತಾರೆ. ಇವುಗಳ ಸೈಡ್‌ವಾಲ್ ದಪ್ಪ, ಕಲ್ಲಿಗೆ ಸೀಳುವುದು ಕಡಿಮೆ. ಮರಳಿನಲ್ಲಿ ಅದೇ ಗುಣ ಅಡ್ಡಿಯಾಗುತ್ತದೆ. 15 ಪಿಎಸ್‌ಐಗೆ ಇಳಿಸಿದರೂ ದಪ್ಪ ಗೋಡೆ ಬಾಗದೆ ಸೆಟೆದು ನಿಲ್ಲುತ್ತದೆ, ಇನ್ನೂ ಇಳಿಸಬೇಕಾಗುತ್ತದೆ. ಟೈರೊಂದಕ್ಕೆ ಕೆಲವು ಕಿಲೋ ತೂಕವೂ ಹೆಚ್ಚು. ರಸ್ತೆಯಲ್ಲಿ ಅದೇ ಭಾರ ಹೊರಲು ಸಾಧಾರಣ ಟೈರಿಗಿಂತ ಹೆಚ್ಚು ಗಾಳಿ ಬೇಡುತ್ತದೆ, ಆದ್ದರಿಂದ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯ ಅಂಕಿ ಅದಕ್ಕೆ ಸಾಲದು. ಎರಡೂವರೆ ಮೂರು ಟನ್ನಿನ ನಿಸ್ಸಾನ್ ಪೆಟ್ರೋಲ್ ಗಾಡಿಯಲ್ಲಿ ನೀರು, ಇಂಧನ, ಡೇರೆ ಹೇರಿಕೊಂಡು ಕಲ್ಲು-ಮರಳು ಎರಡನ್ನೂ ದಾಟುವವರಿಗೆ ಎಲ್‌ಟಿ ಸರಿ. 195/80ಆರ್15 ಟೈರಿನ ಹಗುರ ಜಿಮ್ನಿಗೆ ಇ ದರ್ಜೆ ಹಾಕಿಸುವುದು ತಪ್ಪು. ಜಿಮ್ನಿ ಮರಳಿನಲ್ಲಿ ಗೆಲ್ಲುವುದೇ ತನ್ನ ಹಗುರತನದಿಂದ.

ಭಾರದ ಸೂಚ್ಯಂಕವೂ ವೇಗದ ಅಕ್ಷರವೂ ಅಳತೆಯ ಪಕ್ಕದಲ್ಲೇ ಇರುತ್ತವೆ. 112 ಎಂದರೆ ಒಂದು ಟೈರು ಹೊರಬಲ್ಲದ್ದು 1120 ಕಿಲೋ, 116 ಎಂದರೆ 1250, 121 ಎಂದರೆ 1450. ವೇಗದಲ್ಲಿ ಕ್ಯೂ ಎಂದರೆ ಗಂಟೆಗೆ 160 ಕಿ.ಮೀ., ಎಸ್ ಎಂದರೆ 180, ಟಿ ಎಂದರೆ 190. ಎಂ/ಟಿ ಟೈರುಗಳಲ್ಲಿ ಕ್ಯೂ ಸಾಮಾನ್ಯ. ಗಂಟೆಗೆ 120–140 ಕಿ.ಮೀ. ವೇಗದಲ್ಲಿ ಗಂಟೆಗಟ್ಟಲೆ ಓಡುವ ಗಲ್ಫಿನ ಹೆದ್ದಾರಿಗಳಲ್ಲಿ ಎಸ್ ಅಥವಾ ಟಿ ಇದ್ದರೆ ಒಳ್ಳೆಯದು.

ಬಿಸಿ ಎಂಬ ನಿಜವಾದ ಶತ್ರು

ಮರುಭೂಮಿಯಲ್ಲಿ ಟೈರಿನಿಂದ ಪ್ರಾಣಕ್ಕೆ ಕುತ್ತು ಬರುವುದು ಮರಳಿನಲ್ಲಲ್ಲ, ಅಲ್ಲಿಂದ ಹಿಂತಿರುಗುವ ಹೆದ್ದಾರಿಯಲ್ಲಿ. ಈ ಲೇಖನದಲ್ಲಿ ಒಂದೇ ಒಂದು ವಿಷಯ ಓದುಗರ ನೆನಪಿನಲ್ಲಿ ಉಳಿಯುವುದಾದರೆ ಅದು ಇದಾಗಿರಲಿ. ಗಾಳಿ ಕಡಿಮೆಯಿರುವ ಟೈರು ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುತ್ತದೆ. ಆ ಬಾಗುವಿಕೆಯಿಂದ ರಬ್ಬರಿನೊಳಗೆ ಶಾಖ ಹುಟ್ಟುತ್ತದೆ. ನೆರಳಿನಲ್ಲೇ 45 ಡಿಗ್ರಿ ಇರುವ ದಿನ ಡಾಂಬರಿನ ಮೈ 60 ಡಿಗ್ರಿ ದಾಟಿರುತ್ತದೆ, ಹುಟ್ಟಿದ ಶಾಖ ಹೊರಗೆ ಹೋಗಲು ದಾರಿಯಿಲ್ಲ. ಉಕ್ಕಿನ ಪಟ್ಟಿಗೂ ರಬ್ಬರಿಗೂ ನಡುವಿನ ಬಂಧ ಸಡಿಲಾಗಿ ಮೈಭಾಗವೇ ಸಿಪ್ಪೆಯಂತೆ ಎದ್ದುಹೋಗುತ್ತದೆ, ಎತ್ತರದ ಗಾಡಿ ಉರುಳುತ್ತದೆ. 2000ದಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ವಾಪಸು ಕರೆಸಿಕೊಂಡ ಪ್ರಕರಣ ಪ್ರಸಿದ್ಧ. ಬಹುಮಟ್ಟಿಗೆ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಿಗೆ ಹಾಕಿದ್ದ ಆ ಟೈರುಗಳ ತೊಂದರೆಯ ಮುನ್ಸೂಚನೆ ಕಂಡ ಜಾಗಗಳಲ್ಲಿ ಸೌದಿ ಅರೇಬಿಯಾವೂ ಒಂದು. ಫೋರ್ಡ್ 1999ರಲ್ಲೇ ಗಲ್ಫ್ ದೇಶಗಳಲ್ಲಿ ಅವನ್ನು ಬದಲಿಸಿಕೊಡತೊಡಗಿತ್ತು. ಮರಳಿಗೆಂದು ಗಾಳಿ ಇಳಿಸಿ ಮತ್ತೆ ತುಂಬದೆ ವೇಗವಾಗಿ ಓಡಿಸಿದ್ದೂ ಅಲ್ಲಿನ ಅಪಘಾತಗಳಿಗೆ ಕಾರಣವೆಂಬ ವಾದ ಆಗ ಎದ್ದಿತು. ತಪ್ಪು ಯಾರದೆಂಬ ಜಗಳ ಏನೇ ಇರಲಿ, ಬಿಸಿ, ಭಾರ, ವೇಗ, ಕಡಿಮೆ ಗಾಳಿ ಒಟ್ಟು ಸೇರಿದರೆ ಟೈರು ಉಳಿಯದು ಎಂಬುದರಲ್ಲಿ ಸಂದೇಹವಿಲ್ಲ.

ಆದ್ದರಿಂದ ಗಾಳಿ ಇಳಿಸಲು ಹೊರಟವರ ಬಳಿ ತುಂಬುವ ಕಂಪ್ರೆಸರ್ ಇರಲೇಬೇಕು. ಬ್ಯಾಟರಿಗೆ ಸಿಕ್ಕಿಸುವ 12 ವೋಲ್ಟಿನ ಸಣ್ಣ ಕಂಪ್ರೆಸರಿನಿಂದ ನಾಲ್ಕು ದೊಡ್ಡ ಟೈರಿಗೆ ಗಾಳಿ ತುಂಬಲು ಅರ್ಧ ಗಂಟೆ ಹಿಡಿಯಬಹುದು. ಬೇಸರಪಟ್ಟು ಪೆಟ್ರೋಲ್ ಬಂಕಿನವರೆಗೆ ಹಾಗೆಯೇ ಹೋಗುವುದಾದರೆ ನಿಧಾನವಾಗಿ, ಗಂಟೆಗೆ 40 ಕಿ.ಮೀ. ಮೀರದಂತೆ ಹೋಗಬೇಕು. ಗೇಜು ನೋಡುವಾಗ ಬಿಸಿಯ ಲೆಕ್ಕವೂ ಇರಲಿ: ಉಷ್ಣತೆ 5–6 ಡಿಗ್ರಿ ಏರಿದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಹೆದ್ದಾರಿಯಲ್ಲಿ ಓಡಿ ಕಾದ ಟೈರನ್ನು 15ಕ್ಕೆ ಇಳಿಸಿದರೆ, ತಣ್ಣಗಾದ ಮೇಲೆ ಅದು 12ರ ಆಸುಪಾಸಿಗೆ ಬಂದಿರುತ್ತದೆ.

ವಯಸ್ಸೂ ಬಿಸಿಯಷ್ಟೇ ಮುಖ್ಯ. ಬಟನ್ ಇನ್ನೂ ಎತ್ತರವಾಗಿದ್ದರೂ ಬಿಸಿಲಿಗೆ ರಬ್ಬರ್ ಒಳಗೇ ಒಣಗುತ್ತದೆ. ಡಾಟ್ ಎಂಬ ಗುರುತಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ: 1823 ಎಂದಿದ್ದರೆ 2023ರ 18ನೆಯ ವಾರ. ಯುಎಇಯಲ್ಲಿ 5 ವರ್ಷ ದಾಟಿದ ಟೈರಿನಲ್ಲಿ ಗಾಡಿ ಓಡಿಸುವುದಕ್ಕೆ ಅವಕಾಶವಿಲ್ಲ. ಅಪರೂಪಕ್ಕೆ ಮರಳಿಗೆ ಹೋಗುವವರ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ, ಅಂಥವರು ತೀರ ದುಬಾರಿ ಟೈರಿಗೆ ಹಣ ಸುರಿಯಬೇಕಾಗಿಲ್ಲ. ರಿಯಾಯಿತಿಯಲ್ಲಿ ಸಿಗುವ ಹಳೆಯ ದಾಸ್ತಾನನ್ನಂತೂ ಕೊಳ್ಳಲೇಬಾರದು.

ನೆಲಕ್ಕೆ ತಕ್ಕ ಆಯ್ಕೆ

ಸುಮಾರು ಆರೂವರೆ ಲಕ್ಷ ಚದರ ಕಿ.ಮೀ. ಹರಡಿರುವ ರುಬ್ ಅಲ್ ಖಾಲಿಯ ಅಂಚಿನ ಲಿವಾದಲ್ಲಿ ದಿಬ್ಬಗಳು ದೊಡ್ಡವು, ಮರಳು ಆಳ, ಕಲ್ಲು ಅಪರೂಪ. ಅಲ್ಲಿಗೆ ಎತ್ತರವಾದ, ಸೈಡ್‌ವಾಲ್ ಮೆತ್ತಗಿರುವ, ಬಟನ್ ಸಾಧುವಾಗಿರುವ ಎ/ಟಿ ಸಾಕು, ಹೊಸ ಎಚ್/ಟಿ ಇದ್ದರೂ ನಡೆಯುತ್ತದೆ. ದಿಬ್ಬಗಳ ನಡುವಿನ ಸಬ್ಖಾ ಎಂಬ ಉಪ್ಪಿನ ಬಯಲುಗಳ ಮೇಲುಪದರ ಗಟ್ಟಿಯಾಗಿ ಕಂಡರೂ ಕೆಳಗೆ ಜೌಗು ಇರಬಹುದು. ಒಮಾನಿನ ಉಮ್ಮ್ ಅಸ್ ಸಮೀಮ್ ಇದಕ್ಕೆ ಕುಖ್ಯಾತ. ಅಂಥ ಕಡೆ ಟೈರಿನ ಯಾವ ಗುಣವೂ ಕಾಯುವುದಿಲ್ಲ, ಹಳೆಯ ಗಾಲಿಜಾಡು ಬಿಟ್ಟು ಹೋಗದಿರುವುದೇ ದಾರಿ. ಒಮಾನಿನ ಶರ್ಕಿಯಾ ಮರಳು, ಹಿಂದೆ ವಹೀಬಾ ಎನ್ನುತ್ತಿದ್ದದ್ದು, ಸುಮಾರು 12,500 ಚದರ ಕಿ.ಮೀ. ವಿಸ್ತಾರದ್ದು. ಅಲ್ಲಿಗೆ ಹೋಗುವವರು ಹಜರ್ ಬೆಟ್ಟಗಳ ವಾದಿ ಎಂಬ ಕಲ್ಲುಕಣಿವೆಗಳನ್ನೂ ನೋಡದೆ ಹಿಂತಿರುಗುವುದಿಲ್ಲ. ವಾದಿಯ ಉರುಟು ಕಲ್ಲು, ಚೂಪು ಜಲ್ಲಿ ಸೈಡ್‌ವಾಲನ್ನು ಕತ್ತರಿಸುತ್ತವೆ, ಅಲ್ಲಿ ಸಿ ದರ್ಜೆಯ ಎಲ್‌ಟಿ ಎ/ಟಿ ಹದವಾದ ಆಯ್ಕೆ. ದುಬೈ, ಅಬುಧಾಬಿ, ಮಸ್ಕತ್‌ಗಳಲ್ಲಿ ನೆಲೆಸಿರುವ ಕರಾವಳಿ ಕರ್ನಾಟಕದ ಕುಟುಂಬಗಳಿಗೆ ಅಕ್ಟೋಬರಿನಿಂದ ಏಪ್ರಿಲ್‌ವರೆಗಿನ ವಾರಾಂತ್ಯದ ಮರಳು ಓಡಾಟ ಚೆನ್ನಾಗಿ ಪರಿಚಯ. ದುಬೈ–ಹತ್ತಾ ದಾರಿಯ ಬಳಿ ಬಿಗ್ ರೆಡ್ ಎಂದು ಕರೆಯುವ ಕೆಂಪು ದಿಬ್ಬದ ಸುತ್ತ ಓಡಾಡುವುದಕ್ಕೆ ಇಷ್ಟೆಲ್ಲ ಸಿದ್ಧತೆ ಬೇಕಿಲ್ಲ. ಗಾಡಿಯ ಜೊತೆ ಬಂದ ಟೈರು, ಒಂದು ಒಳ್ಳೆಯ ಗೇಜು, ಕಂಪ್ರೆಸರ್, ಜೊತೆಗೆ ಇನ್ನೊಂದು ಗಾಡಿ ಇದ್ದರಾಯಿತು.

ಗಾಳಿ ಇಳಿಸಿದ ಟೈರಿನ ಪಕ್ಕ ಉಬ್ಬಿ ಹೊರಚಾಚಿರುವುದರಿಂದ ಮುಳ್ಳಿಗೂ ಸುಲಭವಾಗಿ ಸಿಗುತ್ತದೆ. ಯುಎಇಯ ರಾಷ್ಟ್ರೀಯ ವೃಕ್ಷ ಗಾಫ್ ನಮ್ಮಲ್ಲಿ ದಸರೆಗೆ ಪೂಜಿಸುವ ಬನ್ನಿ, ರಾಜಸ್ಥಾನದ ಖೇಜ್ಡಿ. ಅದರ ಮುಳ್ಳು ಚಿಕ್ಕದು. ಅದೇ ಬಯಲಿನ ಸಮ್ರ್ ಎಂಬ ಜಾಲಿಜಾತಿಯ ಮರದ ಉದ್ದ ಮುಳ್ಳು ಸೈಡ್‌ವಾಲನ್ನು ತೂರುತ್ತದೆ. ಮೈಭಾಗದ ಪಂಕ್ಚರನ್ನು ಬತ್ತಿ ತುರುಕಿ ಮುಚ್ಚಬಹುದು, ಸೈಡ್‌ವಾಲಿನ ತೂತಿಗೆ ಹಾಕಿದ ಬತ್ತಿಯನ್ನು ನಂಬಿ ಹೆದ್ದಾರಿಗೆ ಹೋಗಬಾರದು. ಮರದ ನೆರಳಿನಲ್ಲಿ ಗಾಡಿ ನಿಲ್ಲಿಸುವಾಗ ಕೆಳಗೆ ಉದುರಿದ ರೆಂಬೆಗಳನ್ನು ನೋಡಿಕೊಳ್ಳುವುದು ಅಲ್ಲಿನವರಿಗೆ ರೂಢಿಯಾಗಿದೆ.

ಥಾರ್ ಮರುಭೂಮಿಯ ಸಂಗತಿ ಕೊಂಚ ಬೇರೆ. ಜೈಸಲ್ಮೇರಿನ ಸಮ್ ಸುತ್ತಿನ ದಿಬ್ಬಗಳು ಅರಬ್ ದಿಬ್ಬಗಳಷ್ಟು ಎತ್ತರವಲ್ಲ, ನಡುನಡುವೆ ಕುರುಚಲು, ಕಲ್ಲುನೆಲ, ಊರುಗಳು ಬರುತ್ತವೆ. ಬೆಂಗಳೂರಿನಿಂದ ಅಲ್ಲಿಗೆ ಗಾಡಿ ಓಡಿಸಿಕೊಂಡು ಹೋಗುವವರಿಗೆ ಮರಳು ಸಿಗುವುದು ಇಡೀ ಪ್ರಯಾಣದ ತೀರ ಸಣ್ಣ ಭಾಗದಲ್ಲಿ, ಉಳಿದ ಸುಮಾರು 2,000 ಕಿ.ಮೀ. ಡಾಂಬರು. ಇದಕ್ಕೆ ರಸ್ತೆಯಲ್ಲಿ ಸದ್ದು ಕಡಿಮೆ ಮಾಡುವ, ಮಳೆಯಲ್ಲಿ ಹಿಡಿತ ಬಿಡದ ಸಾಧು ಎ/ಟಿ ಒಳ್ಳೆಯದು. ಎಂಆರ್‌ಎಫ್, ಅಪೊಲೊ, ಸಿಯೆಟ್ ಕಂಪನಿಗಳು ದೇಶದಲ್ಲೇ ತಯಾರಿಸುವ ಎ/ಟಿ ಮಾದರಿಗಳು ಈ ಕೆಲಸಕ್ಕೆ ಸಾಲುತ್ತವೆ. ದಾರಿಯಲ್ಲಿ ಒಂದು ಟೈರು ಹೋದರೆ ಅದೇ ಅಳತೆಯದು ಸಣ್ಣ ಊರಿನಲ್ಲೂ ಸಿಗುತ್ತದೆಯೇ ಎಂಬ ಪ್ರಶ್ನೆ ಇಲ್ಲಿ ಹೆಸರಾಂತ ವಿದೇಶಿ ಬ್ರ್ಯಾಂಡಿಗಿಂತ ಮುಖ್ಯ.

ಮರಳಿನಿಂದ ಬಂದ ಮೇಲೆ ಗಾಡಿಯನ್ನು ಒಮ್ಮೆ ಟೈರಂಗಡಿಗೆ ತೋರಿಸುವುದು ಅನುಭವಿಗಳ ಪದ್ಧತಿ. ಕಡಿಮೆ ಗಾಳಿಯಲ್ಲಿ ಓಡುವಾಗ ಬೀಡಿಗೂ ರಿಮ್ಮಿಗೂ ನಡುವೆ ಮರಳಿನ ಕಣ ಸೇರಿ ದಿನಕ್ಕೆ ಒಂದೆರಡು ಪಿಎಸ್‌ಐ ಸೋರತೊಡಗುತ್ತದೆ. ಟೈರು ಕಳಚಿ ಅಂಚನ್ನು ಒರೆಸಿ ಮತ್ತೆ ಕೂರಿಸಿದರೆ ಅದು ನಿಲ್ಲುತ್ತದೆ. ರಿಮ್ಮಿನ ಒಳಮೈಗೆ ಮೆತ್ತಿದ ಮರಳು ಬ್ಯಾಲೆನ್ಸಿಂಗ್ ತಪ್ಪಿಸಿ ಹೆದ್ದಾರಿಯಲ್ಲಿ ಸ್ಟಿಯರಿಂಗ್ ನಡುಗಿಸುವುದೂ ಉಂಟು, ನೀರಿನಿಂದ ತೊಳೆದರೆ ಸರಿಹೋಗುತ್ತದೆ. ಸೈಡ್‌ವಾಲಿನ ಒಳಬದಿಯಲ್ಲಿ ಸೀಳು ಅಥವಾ ಉಬ್ಬು ಕಂಡರೆ ಆ ಟೈರನ್ನು ಸ್ಟೆಪ್ನಿಯಾಗಿಯೂ ಇಟ್ಟುಕೊಳ್ಳಬಾರದು.